ಗೋಡೆಯ ಮೇಲಿನ ಮುಚ್ಚಳಗಳು

ಕಾರ್ಖಾನೆಯ ಸೈರನ್ ಏಳೂವರೆಗೆ ಕೂಗುತ್ತಿತ್ತು. ನಾನು ಏಳು ಇಪ್ಪತ್ತಕ್ಕೆ ಒಳಗಿರುತ್ತಿದ್ದೆ. ಮೂವತ್ತೊಂದು ವರ್ಷ ಹೀಗೇ ನಡೆಯಿತು. ಹೈದರಾಬಾದಿನ ಕುಷಾಯಿಗೂಡದ ನಮ್ಮ ಮನೆಯಿಂದ ಗೇಟಿನವರೆಗೆ ಹನ್ನೊಂದು ನಿಮಿಷದ ನಡಿಗೆ. ಮಳೆ ಬಂದರೆ ಹದಿಮೂರು. ನನ್ನ ಕೆಲಸ ಬಿಡಿಭಾಗಗಳ ಉಗ್ರಾಣದಲ್ಲಿ. ಒಂದೊಂದು ಬಗೆಯ ಸಾಮಾನಿಗೆ ಒಂದೊಂದು ಕಾರ್ಡು, ಕಾರ್ಡಿನಲ್ಲಿ ಎಂಟು ಅಂಕಣ. ಎಂಟರಲ್ಲಿ ಒಂದೂ ಖಾಲಿ ಇರಕೂಡದು. ಸೇರಿದ ಮೊದಲ ವಾರ ನಾನೊಂದು ಅಂಕಣ ತುಂಬದೆ ಬಿಟ್ಟಿದ್ದೆ. ಮೇಲಧಿಕಾರಿ ಆ ಕಾರ್ಡನ್ನು ಎತ್ತಿ ಹಿಡಿದು, ಉಗ್ರಾಣವೆಲ್ಲ ಕೇಳುವಂತೆ, "ಏಮಮ್ಮಾ, ಇದಿ ಕಿಟಿಕೀನಾ?" ಎಂದು ಕೇಳಿ, ಅದು ಕಿಟಕಿಯೋ ಎಂಬಂತೆ ಹಿಂದಿನಿಂದ ಇಣುಕಿ ನೋಡಿದರು. ಎಲ್ಲರೂ ನಕ್ಕರು. ಆಮೇಲೆ ನಾನು ಯಾವ ಅಂಕಣವನ್ನೂ ಖಾಲಿ ಬಿಟ್ಟವಳಲ್ಲ. ಗೊತ್ತಿದ್ದರೆ ಗೊತ್ತಿದ್ದದ್ದು, ಗೊತ್ತಿಲ್ಲದಿದ್ದರೆ ನಿಯಮದ ಪ್ರಕಾರ ಬರಬೇಕಾದದ್ದು.

ಈ ಅಭ್ಯಾಸವೇ ನನ್ನನ್ನು ಅರವತ್ತಾರನೆಯ ವಯಸ್ಸಿನಲ್ಲಿ ಒಂದು ಕೋಣೆಯನ್ನು ಮುಚ್ಚಿಸುವ ಅಂಚಿಗೆ ತಂದು ನಿಲ್ಲಿಸಿತು. ಅದನ್ನೇ ಹೇಳಬೇಕೆಂದು ಕುಳಿತಿದ್ದೇನೆ.

ಹಿಮಾಯತ್‌ನಗರದ ಒಂದು ಗಲ್ಲಿಯಲ್ಲಿ ನಮ್ಮ ಕನ್ನಡಿಗರ ಸಂಘದ ಕಟ್ಟಡವಿದೆ. ಮೇಲೆ ಸಭಾಂಗಣ, ಕೆಳಗೆ ಆಫೀಸು, ಮೆಟ್ಟಿಲ ಹಿಂದೆ ಪಾತ್ರೆ ಕೋಣೆ. ಹಳೆಯ ಮನೆತನಗಳವರು ಕೊಟ್ಟ ದೊಡ್ಡ ಪಾತ್ರೆಗಳು ಅಲ್ಲಿವೆ: ಕೊಪ್ಪರಿಗೆ, ಹಂಡೆ, ಬೋಗುಣಿ, ಎಲ್ಲ ಸೇರಿ ಮೂವತ್ತೆಂಟು. ಮನೆಯಲ್ಲಿ ಕಾರ್ಯವಿದ್ದವರು ಬಂದು ಒಯ್ಯಬಹುದು. ನಾಲ್ಕು ದಿನದಲ್ಲಿ ತಂದುಕೊಡಬೇಕೆಂಬುದು ನಿಯಮ. ಬಾಡಿಗೆ ಇಲ್ಲ. ಆದರೆ ಪಾತ್ರೆ ಖಾಲಿ ಬರುವ ಹಾಗಿಲ್ಲ. ಇದು ನಿಯಮವಲ್ಲ, ಪದ್ಧತಿ. ಒಳಗೆ ಏನಾದರೂ ಹಾಕಿ ತರಬೇಕು. ಎರಡು ಉಂಡಿ, ಹಿಡಿ ಅಕ್ಕಿ, ಒಂದು ತೆಂಗಿನಕಾಯಿ, ಏನಾದರೂ ಸರಿ. ನಮ್ಮ ಕಡೆಯ ಯಾವ ಮನೆಯಲ್ಲೂ ನೆರೆಯವರ ಬಟ್ಟಲನ್ನು ಬರಿದಾಗಿ ತಿರುಗಿಸುವುದಿಲ್ಲ. ಇದು ಅದರದೇ ದೊಡ್ಡ ರೂಪ.

ಕೋಣೆಯನ್ನು ನೋಡಿಕೊಳ್ಳುವವರು ಕಾಕಾ. ಎಲ್ಲರಿಗೂ ಕಾಕಾ. ಕಲಬುರಗಿ ಕಡೆಯಿಂದ ಬಂದು ಸರ್ಕಾರಿ ನೌಕರಿ ಮುಗಿಸಿ, ಅಲ್ಲಿಂದ ನೇರ ಈ ಕೋಣೆಗೆ ಬಂದು ಕುಳಿತವರು. ಈಗ ಎಂಬತ್ತೆರಡು. ದಿನಾ ಬೆಳಿಗ್ಗೆ ಹತ್ತಕ್ಕೆ ಬೀಗ ತೆಗೆಯುತ್ತಾರೆ, ಹನ್ನೆರಡೂವರೆಗೆ ಹಾಕುತ್ತಾರೆ. ಈ ಒಂದು ಗುಣಕ್ಕೇ ನಾನು ಅವರನ್ನು ಮೆಚ್ಚಿದ್ದೆ. ಅವರ ಉಳಿದ ಲೆಕ್ಕಾಚಾರ ಮಾತ್ರ ನನಗೆ ತಲೆ ಬಿಸಿ ಮಾಡುತ್ತಿತ್ತು. ಯಾರು ಏನು ಒಯ್ದರು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆಯುತ್ತಿದ್ದರು, ತಂದದ್ದನ್ನು ಬರೆಯುತ್ತಿರಲಿಲ್ಲ. ಅದಕ್ಕೆ ಅವರದು ಬೇರೆ ಉಪಾಯ. ಪಾತ್ರೆ ಹೊರಗೆ ಹೋದಾಗ ಅದರ ಮುಚ್ಚಳ ಹೋಗುತ್ತಿರಲಿಲ್ಲ. ಮುಚ್ಚಳವನ್ನು ಗೋಡೆಯ ಮೊಳೆಗೆ ತೂಗುಹಾಕಿ, ಅದರ ಮೇಲೆ ಸೀಮೆಸುಣ್ಣದಲ್ಲಿ ಒಯ್ದವರ ಹೆಸರು ಬರೆಯುತ್ತಿದ್ದರು. ಪಾತ್ರೆ ಬಂದಾಗ ಹೆಸರು ಒರೆಸಿ ಮುಚ್ಚಳ ಹಾಕುವುದು. ಗೋಡೆಯ ಮೇಲೆ ಎಷ್ಟು ಮುಚ್ಚಳವೋ ಅಷ್ಟು ಪಾತ್ರೆ ಊರೊಳಗೆ.

"ಮುಚ್ಚಳ ಯಾಕ ಕೊಡಂಗಿಲ್ರಿ ಕಾಕಾ?" ಎಂದು ನಾನೊಮ್ಮೆ ಕೇಳಿದ್ದೆ.

"ಕೊಟ್ರ ಅದು ತಾಟು ಆಗ್ತೈತಿ, ಮೊರ ಆಗ್ತೈತಿ, ಹುಡುಗೂರ ಡೋಲ ಆಗ್ತೈತಿ. ತಿರಗಿ ಮುಚ್ಚಳ ಆಗಂಗಿಲ್ಲ ತಂಗಿ. ಅಡಗಿ ಮಾಡೋರಿಗೆ ಬಾಳಿ ಎಲಿ ಸಾಕು."

ಒಂದು ದಿನ ಸಂಘದ ಕಾರ್ಯದರ್ಶಿ ಕೋಣೆಯ ಬಾಗಿಲಲ್ಲಿ ನಿಂತು ಗೋಡೆಯನ್ನೂ ಕಾಕಾರನ್ನೂ ನೋಡಿದರು. ಒಳ್ಳೆಯ ಮನುಷ್ಯ, ಅವಸರದ ಮನುಷ್ಯ. ಆ ಜಾಗದಲ್ಲಿ ಹೊಸ ಆಫೀಸು ಮಾಡಬೇಕೆಂಬುದು ಅವರ ಯೋಚನೆ.

"ಈಗ ಎಲ್ಲಾರೂ ಕೇಟರಿಂಗ್ ಹೇಳ್ತಾರ್ರಿ. ಈ ಕೊಪ್ಪರಿಗಿ ಯಾರು ಒಯ್ತಾರ? ವಾರ್ಷಿಕ ಸಭಾದಾಗ ಇದನ್ನ ಮುಚ್ಚೂ ಮಾತು ಇಡಾಕತ್ತೀನಿ," ಎಂದರು. ಕಾಕಾ ಕೈಯಲ್ಲಿದ್ದ ಸೀಮೆಸುಣ್ಣವನ್ನು ಜೇಬಿಗೆ ಹಾಕಿಕೊಂಡರು.

ನಿವೃತ್ತಿಯ ನಂತರ ಆಗಾಗ ಕಾಕಾಗೆ ಕೈಜೋಡಿಸಲು ಹೋಗುತ್ತಿದ್ದ ನಾನು ಅಲ್ಲೇ ಇದ್ದೆ. "ಒಯ್ತಾರ. ಬಹಳ ಜನ ಒಯ್ತಾರ," ಎಂದೆ.

"ಹಂಗಾದ್ರ ತೋರಸ್ರಿ ಮೇಡಮ್. ನೀವು ಸ್ಟೋರ್ಸ್‌ನವರು. ಯಾವ ಪಾತ್ರಿ ಯಾರ ಮನ್ಯಾಗ ಐತಿ, ಪೂರಾ ಕಂಪ್ಯೂಟರ್ ಲಿಸ್ಟ್ ಇಡ್ರಿ ಸಭಾದ ಮುಂದ. ಲಿಸ್ಟ್ ಇದ್ರ ಕೋಣಿ ಇರ್ತೈತಿ. ಇಲ್ಲಂದ್ರ ಇಲ್ಲ."

ಸಭೆಗೆ ಎಂಟು ವಾರವಿತ್ತು. ಮರುದಿನವೇ ನಾನು ಕಂಪ್ಯೂಟರ್ ಕ್ಲಾಸಿಗೆ ಹೆಸರು ಕೊಟ್ಟೆ.

ಕ್ಲಾಸು ಅದೇ ರಸ್ತೆಯಲ್ಲಿ, ಒಂದು ಬೇಕರಿಯ ಮೇಲೆ. ಬೆಳಿಗ್ಗೆ ಏಳರ ಬ್ಯಾಚು. ಕುಷಾಯಿಗೂಡದಿಂದ ಐದೂಮುಕ್ಕಾಲಿನ ಬಸ್ಸು ಹಿಡಿದರೆ ಹತ್ತು ನಿಮಿಷ ಮೊದಲೇ ತಲುಪುತ್ತಿದ್ದೆ. ಹನ್ನೆರಡು ಜನರಲ್ಲಿ ಹನ್ನೊಂದು ಮಂದಿ ನೌಕರಿ ಹುಡುಕುವವರು; ಹನ್ನೆರಡನೆಯವಳು ನೌಕರಿ ಮುಗಿಸಿದವಳು. ಕಲಿಸುವ ಮಾಸ್ತರರು ಐವತ್ತು ದಾಟಿದವರು, ಹೈದರಾಬಾದಿನ ಹಳೇ ಊರಿನ ಕಡೆಯವರು, ದಖನಿ ಉರ್ದು ಮಾತಿನವರು. ಅದೇ ಕೋಣೆಯಲ್ಲಿ ಹಿಂದೆ ಟೈಪ್‌ರೈಟಿಂಗ್ ಕಲಿಸುತ್ತಿದ್ದರಂತೆ. ಅವರು ಮೊದಲ ಮೂರು ದಿನ ಯಾರಿಗೂ ಯಂತ್ರ ಮುಟ್ಟಲು ಬಿಡಲಿಲ್ಲ. "ಪೆಹಲೇ ಕಾಗಜ್, ಬಾದ್ ಮೇ ಕಂಪ್ಯೂಟರ್," ಎನ್ನುತ್ತಿದ್ದರು. ಮೊದಲು ಕಾಗದದ ಮೇಲೆ ಬರೆಯಿರಿ, ಆಮೇಲೆ ಕಂಪ್ಯೂಟರು. ಹುಡುಗರು ಗೊಣಗಿದರು. ನನಗೆ ಮಾತ್ರ ಬಹಳ ದಿನದ ನಂತರ ಸರಿಯಾದ ಜಾಗಕ್ಕೆ ಬಂದ ಹಾಗಾಯಿತು.

ಡೇಟಾಬೇಸ್ ಎಂದರೇನು ಎಂಬುದನ್ನು ಅವರು ಒಂದೇ ಮಾತಿನಲ್ಲಿ ಹೇಳಿದರು. "ಏಕ್ ಬಾತ್ ಏಕೀಚ್ ಜಗಾ ಲಿಖೋ. ದೂಸ್ರೀ ಜಗಾ ಸಿರಫ್ ಉಸ್ಕಾ ನಂಬರ್." ಒಂದು ವಿಷಯವನ್ನು ಒಂದೇ ಕಡೆ ಬರೆಯಿರಿ, ಇನ್ನೊಂದು ಕಡೆ ಬೇಕಾದರೆ ಅದರ ನಂಬರು ಮಾತ್ರ. ಟೇಬಲ್ ಎಂದರೆ ಅಂಕಣ ಹಾಕಿದ ಪಟ್ಟಿ: ಪಾತ್ರೆಗಳಿಗೆ ಒಂದು ಟೇಬಲ್, ಮನೆಗಳಿಗೆ ಒಂದು ಟೇಬಲ್, ಒಯ್ದದ್ದಕ್ಕೆ ಮೂರನೆಯದು. ಮೂರನೆಯದರಲ್ಲಿ ಪಾತ್ರೆಯ ಹೆಸರೂ ಇಲ್ಲ, ಮನೆಯ ವಿಳಾಸವೂ ಇಲ್ಲ. ಎರಡರ ನಂಬರು, ಒಯ್ದ ದಿನ, ತಂದ ದಿನ, ಅಷ್ಟೆ. ಒಂದು ಮನೆಯವರು ಮನೆ ಬದಲಿಸಿದರೆ ವಿಳಾಸವನ್ನು ಒಂದೇ ಕಡೆ ತಿದ್ದಿದರೆ ಸಾಕು, ಅವರು ಒಯ್ದ ಇಪ್ಪತ್ತು ಪಾತ್ರೆಯ ಲೆಕ್ಕವೂ ತಾನೇ ಸರಿಹೋಗುತ್ತದೆ. ಮೂವತ್ತೊಂದು ವರ್ಷ ಒಂದೇ ವಿಳಾಸವನ್ನು ನೂರು ಕಾರ್ಡಿನಲ್ಲಿ ಕೈಯಿಂದ ತಿದ್ದಿದ ನನಗೆ, ಇದನ್ನು ಕಂಡುಹಿಡಿದವರ ಕೈಗೊಂದು ಲೋಟ ಚಹಾ ಕೊಡಬೇಕೆನಿಸಿತು.

ನಾಲ್ಕನೆಯ ದಿನ ಪರದೆಯ ಮೇಲೆ ಟೇಬಲ್‌ಗಳ ನಡುವೆ ಗೆರೆ ಎಳೆಯಲು ಕಲಿತೆ. ಮೌಸಿನಿಂದ ಒಂದು ಫೀಲ್ಡನ್ನು, ಅಂದರೆ ಅಂಕಣವನ್ನು, ಹಿಡಿದೆಳೆದು ಇನ್ನೊಂದರ ಮೇಲೆ ಬಿಟ್ಟರೆ ಗೆರೆ ಬೀಳುತ್ತದೆ. ಒಂದು ತುದಿಯಲ್ಲಿ ಒಂದು ಎಂಬ ಅಂಕಿ, ಇನ್ನೊಂದು ತುದಿಯಲ್ಲಿ ಮಲಗಿದ ಎಂಟು. ಒಂದು ಮನೆ, ಎಷ್ಟು ಸಲವಾದರೂ ಒಯ್ಯಬಹುದು ಎಂದು ಅರ್ಥ. ನಾನು ಆ ಗೆರೆಯನ್ನು ಮೂರು ಸಲ ಅಳಿಸಿ ಮೂರು ಸಲ ಎಳೆದೆ. ಪಕ್ಕದ ಹುಡುಗಿ, "ತಪ್ಪಾಯಿತಾ ಆಂಟೀ?" ಎಂದಳು. ತಪ್ಪಾಗಿರಲಿಲ್ಲ. ಎಳೆಯುವುದು ಹಿತವಾಗಿತ್ತು.

ಮಾಸ್ತರರು ನನ್ನ ಕಾಗದ ನೋಡಿ ಒಂದೇ ಪ್ರಶ್ನೆ ಕೇಳಿದರು. "ಅಮ್ಮಾ, ಹರ್ ಬರ್ತನ್ ಕಾ ಅಲಗ್ ನಂಬರ್ ಹೈ ಕ್ಯಾ?" ಪ್ರತಿ ಪಾತ್ರೆಗೂ ಬೇರೆ ನಂಬರು ಇದೆಯೇ?

"ಅದರ ಅಗತ್ಯವಿಲ್ಲ," ಎಂದೆ. "ದೊಡ್ಡ ಕೊಪ್ಪರಿಗೆ ಆರು. ಆರೂ ಕೊಪ್ಪರಿಗೆಯೇ. ಉಗ್ರಾಣದಲ್ಲಿ ಸಾವಿರ ಸ್ಕ್ರೂ ಇದ್ದರೂ ಕಾರ್ಡು ಒಂದೇ."

"ಸ್ಕ್ರೂ ಮೇ ಖೀರ್ ನೈ ಪಕ್ತೀ ಅಮ್ಮಾ," ಎಂದರು ಅವರು. ಸ್ಕ್ರೂವಿನಲ್ಲಿ ಪಾಯಸ ಬೇಯುವುದಿಲ್ಲ. ಹುಡುಗರು ನಕ್ಕರು, ನಾನೂ ನಕ್ಕೆ. ಆದರೆ ಬದಲಿಸಲಿಲ್ಲ.

ಐದು ವಾರ ಮುಗಿಯಿತು. ಸಂಘದ ಆಫೀಸಿನ ಹಳೆಯ ಕಂಪ್ಯೂಟರಿನ ಮುಂದೆ ಕುಳಿತು ಕಾಕಾರ ಪುಸ್ತಕ ತೆರೆದೆ. ಮೂರು ವರ್ಷದ ಬರಹ, ನೂರ ನಲವತ್ತೆರಡು ಸಾಲು. ಒಯ್ದವರು, ಒಯ್ದದ್ದು, ಒಯ್ದ ದಿನ, ಎಲ್ಲವೂ ಇದ್ದವು. 'ತಂದ ದಿನ' ಎಂಬ ಫೀಲ್ಡಿಗೆ ಬಂದಾಗ ಕೈ ನಿಂತಿತು. ಪುಸ್ತಕದಲ್ಲಿ ಅದು ಇರಲಿಲ್ಲ. ಪರದೆಯ ಮೇಲೆ ನೂರ ನಲವತ್ತೆರಡು ಕಿಟಕಿಗಳು ನನ್ನನ್ನು ನೋಡುತ್ತಿದ್ದವು. ನಿಯಮ ನಾಲ್ಕು ದಿನವಲ್ಲವೇ? ಒಯ್ದ ದಿನಕ್ಕೆ ನಾಲ್ಕು ಕೂಡಿಸಿ ತುಂಬಿದೆ. ಅಷ್ಟನ್ನೂ ಕೈಯಿಂದಲ್ಲ; ಕೂಡಿಸುವ ಸೂತ್ರವನ್ನು ಯಂತ್ರಕ್ಕೆ ಹೇಳಿ, ಒಂದೇ ಗುಂಡಿಯಲ್ಲಿ ಎಲ್ಲವನ್ನೂ ತುಂಬಿಸಿದೆ. ಒಂದೂ ಖಾಲಿ ಉಳಿಯಲಿಲ್ಲ. ಮನಸ್ಸಿಗೆ ಎಂಥ ಸಮಾಧಾನ.

ಈ ಕೆಲಸ ನಡೆದ ಮೂರು ದಿನ ಕಾಕಾ ಊರಲ್ಲಿರಲಿಲ್ಲ, ಕಲಬುರಗಿಗೆ ಮದುವೆಗೆ ಹೋಗಿದ್ದರು. ಕೀಲಿ ನನ್ನ ಕೈಯಲ್ಲಿತ್ತು. ಸಭೆಗೆ ಮೊದಲು ಕೋಣೆ ಒಪ್ಪವಾಗಿರಲಿ ಎಂದು ನೆಲ ಗುಡಿಸಿ, ಕಪಾಟು ಒರೆಸಿ, ಗೋಡೆಯ ಮೇಲಿನ ಮುಚ್ಚಳಗಳನ್ನೆಲ್ಲ ಇಳಿಸಿ ಹುಣಸೆಹಣ್ಣು ಹಚ್ಚಿ ತಿಕ್ಕಿ ತೊಳೆದೆ. ಸುಣ್ಣದ ಬರಹ ಹೋಯಿತು. ಹೋಗಲಿ, ಎಲ್ಲವೂ ಕಂಪ್ಯೂಟರಿಗೆ ಏರಿದೆಯಲ್ಲ. ಕನ್ನಡಿಯಂತೆ ಹೊಳೆಯುವ ಹನ್ನೊಂದು ಮುಚ್ಚಳಗಳನ್ನು ಗಾತ್ರದ ಪ್ರಕಾರ ಸಾಲಾಗಿ ತೂಗುಹಾಕಿ ಮನೆಗೆ ಬಂದೆ.

ಮರುದಿನ ಹತ್ತಕ್ಕೆ ಕಾಕಾ ಬಂದರು. ಗೋಡೆ ನೋಡಿದರು. ಸ್ಟೂಲಿನ ಮೇಲೆ ನಿಧಾನವಾಗಿ ಕುಳಿತರು.

"ಭಾಳ ಚಂದ ಕಾಣಾಕತ್ತಾವ ತಂಗಿ." ಆಮೇಲೆ, "ಹೆಸರು ಎಲ್ಲಿ ಹೋದ್ವು?" ಎಂದರು.

"ಕಂಪ್ಯೂಟರ್‌ನ್ಯಾಗ ಅದಾವ ಕಾಕಾ. ಬರ್ರಿ, ತೋರಸ್ತೀನಿ."

ಕಾರ್ಯದರ್ಶಿಯೂ ಅಷ್ಟು ಹೊತ್ತಿಗೆ ಆಫೀಸಿಗೆ ಬಂದಿದ್ದರು. ನನಗೆ ಹುರುಪು. ಇಬ್ಬರನ್ನೂ ಪರದೆಯ ಮುಂದೆ ನಿಲ್ಲಿಸಿ, ಹೊರಗಿರುವ ಪಾತ್ರೆಗಳನ್ನು ಹುಡುಕಿ ಕೊಡುವ ಕ್ವೆರಿ ಓಡಿಸಿದೆ. ತಂದ ದಿನ ಯಾವುದಕ್ಕೆ ಇಲ್ಲವೋ ಅದು ಹೊರಗಿದೆ ಎಂಬುದೇ ಪ್ರಶ್ನೆ. ಯಂತ್ರ ಒಂದು ಕ್ಷಣ ಯೋಚಿಸಿ, ತಲೆಬರಹಗಳನ್ನು ಮಾತ್ರ ತೋರಿಸಿತು. ಕೆಳಗೆ ಏನೂ ಇಲ್ಲ. ಮೂಲೆಯಲ್ಲಿ ಸೊನ್ನೆ.

"ಸೊನ್ನಿ," ಎಂದರು ಕಾರ್ಯದರ್ಶಿ. "ನಾ ಹೇಳಿದ್ನೆಲ್ರಿ, ಯಾರೂ ಒಯ್ಯಂಗಿಲ್ಲಂತ." ಆಮೇಲೆ ಕೋಣೆಯೊಳಗೆ ಇಣುಕಿ, ಕಪಾಟಿನ ಖಾಲಿ ಜಾಗಗಳನ್ನು ನೋಡಿ, ಸ್ವಲ್ಪ ಮೆಲ್ಲಗೆ, "ಆದ್ರ ಹೊರಗೂ ಇಲ್ಲ, ಒಳಗೂ ಇಲ್ಲ ಅಂದ್ರ ಈ ಹನ್ನೊಂದು ಎಲ್ಲಿ ಹೋದ್ವು ಕಾಕಾ?" ಎಂದರು.

ಕಾಕಾ ನನ್ನ ಕಡೆ ನೋಡಲಿಲ್ಲ. ಅದು ಅವರ ದೊಡ್ಡತನ. "ಊರಾಗ ಅದಾವ," ಎಂದಷ್ಟೇ ಹೇಳಿದರು. ಯಾರ ಮನೆಯಲ್ಲಿ ಎಂದು ಹೇಳಲು ಅವರ ಬಳಿ ಈಗ ಗೋಡೆಯಿರಲಿಲ್ಲ. ಸಭೆಗೆ ಹದಿನೈದು ದಿನ ಉಳಿದಿತ್ತು.

ನಾನು ಸಂಜೆಯವರೆಗೆ ಕಾಯಲಿಲ್ಲ. ಪ್ರಿಂಟು ಹಿಡಿದು ನೇರ ಬೇಕರಿಯ ಮೇಲಕ್ಕೆ ಹತ್ತಿದೆ. ಮಾಸ್ತರರು ಊಟದ ಡಬ್ಬಿ ತೆರೆದಿದ್ದರು. ಕಾಗದ ನೋಡಿದರು, ಒಂದು ತುತ್ತು ತಿಂದರು, ಮತ್ತೆ ನೋಡಿದರು.

"ಯೇ ತಾರೀಖಾಂ ಕೌನ್ ಬೋಲಾ ಆಪ್ಕೋ?" ಈ ತಾರೀಖುಗಳನ್ನು ನಿಮಗೆ ಯಾರು ಹೇಳಿದರು?

"ಯಾರೂ ಹೇಳಲಿಲ್ಲ. ನಿಯಮದ ಪ್ರಕಾರ ತುಂಬಿದೆ. ಖಾಲಿ ಬಿಡಬಾರದಲ್ಲ."

ಅವರು ಡಬ್ಬಿ ಮುಚ್ಚಿದರು. "ಖಾಲೀ ಭೀ ಜವಾಬ್ ಹೈ ಅಮ್ಮಾ," ಎಂದರು. ಖಾಲಿ ಎಂಬುದೂ ಒಂದು ಉತ್ತರ. ಅದು ಸೊನ್ನೆಯಲ್ಲ, ಅಡ್ಡಗೆರೆಯಲ್ಲ, ಮರೆತದ್ದೂ ಅಲ್ಲ. ಇನ್ನೂ ಆಗಿಲ್ಲ ಎಂದು ಹೇಳುವ ಜಾಗ. ನಾನು ಅದನ್ನು ತುಂಬಿದ್ದರಿಂದ ಯಂತ್ರ ನನ್ನನ್ನು ನಂಬಿ, ಎಲ್ಲರೂ ನಾಲ್ಕನೆಯ ದಿನಕ್ಕೆ ಸರಿಯಾಗಿ ತಂದುಕೊಟ್ಟರು ಎಂದುಕೊಂಡಿತ್ತು. "ಇತ್ತೇ ಶರೀಫ್ ಲೋಗಾಂ ಹೈದರಾಬಾದ್ ಮೇ ಕಾಂ ಹೈ?" ಇಷ್ಟು ಶಿಸ್ತಿನ ಜನ ಹೈದರಾಬಾದಿನಲ್ಲಿ ಎಲ್ಲಿದ್ದಾರೆ ಎಂದು ಕೇಳಿ, ಮತ್ತೆ ಡಬ್ಬಿ ತೆರೆದು ನನಗೂ ಒಂದು ತುಂಡು ರೊಟ್ಟಿ ಕೊಟ್ಟರು.

ತುಂಬಿದ ತಾರೀಖುಗಳನ್ನು ಅಳಿಸಬೇಕಿತ್ತು. ಒಂದೇ ಗುಂಡಿಯ ಕೆಲಸ. ಅದನ್ನು ಒತ್ತುವ ಮೊದಲು ಎರಡು ಸಲ ಎದ್ದು ಹೋಗಿ ನೀರು ಕುಡಿದೆ. ಒತ್ತಿದೆ. ನೂರ ನಲವತ್ತೆರಡೂ ಖಾಲಿಯಾದವು. ಈಗ ಕ್ವೆರಿ ಓಡಿಸಿದರೆ ಮೂರು ವರ್ಷದಲ್ಲಿ ಹೋದ ಎಲ್ಲ ಪಾತ್ರೆಯೂ ಹೊರಗೇ ಇದೆ ಎನ್ನುತ್ತಿತ್ತು. ಇವುಗಳಲ್ಲಿ ಬಂದದ್ದು ಯಾವುದು, ಬರದ್ದು ಯಾವುದು? ಪ್ರತಿ ಪಾತ್ರೆಗೂ ಬೇರೆ ನಂಬರು ಕೊಟ್ಟಿದ್ದರೆ, ಕಪಾಟಿನಲ್ಲಿ ಇಲ್ಲದ್ದನ್ನು ಕೊನೆಗೆ ಯಾರು ಒಯ್ದರೆಂದು ನೋಡಿದರೆ ಮುಗಿಯುತ್ತಿತ್ತು. ನನ್ನ ಟೇಬಲಿನಲ್ಲಿ ಆರು ಕೊಪ್ಪರಿಗೆಗೂ ಒಂದೇ ನಂಬರು. ಸ್ಕ್ರೂ ಮತ್ತು ಪಾಯಸದ ಮಾತು ಆಗ ಅರ್ಥವಾಯಿತು.

ಮರುದಿನ ಕಾಕಾರ ಮುಂದೆ ಕುಳಿತು ತಪ್ಪೊಪ್ಪಿಕೊಂಡೆ. ಇಡೀ ಕಥೆ ಕೇಳಿ ಅವರು, "ನೀ ಒಬ್ಬಾಕಿನ ಅಲ್ಲ ತಂಗಿ, ನನ್ನ ಮೇಲಿನ ಸಾಹೇಬರೂ ಹಂಗ ಇದ್ರು. ಫೈಲು ತುಂಬಿದ್ರ ಊಟ ಸೇರ್ತಿತ್ತು ಅವರಿಗೆ," ಎಂದರು.

"ಯಾವ್ಯಾವು ಬಂದಾವ ಅಂತ ನೆನಪು ಐತೇನ್ರಿ? ತಾರೀಖು ಬ್ಯಾಡ, ಅಂದಾಜು ಸಾಕು."

"ತಾರೀಖು ನನಗ ಎಂದೂ ನೆನಪಿಲ್ಲ. ಒಳಗ ಏನು ಬಂದಿತ್ತು ಅದು ಹೇಳ್ತೀನಿ."

ನಾನು ಅವರ ಮುಖ ನೋಡಿದೆ. ತಮಾಷೆಯಲ್ಲ. ಕಂಪ್ಯೂಟರಿಗೆ ಹೋಗಿ ಮೂರನೆಯ ಟೇಬಲ್ಲಿಗೆ ಹೊಸ ಫೀಲ್ಡು ಸೇರಿಸಿದೆ. ಹೆಸರು: ಒಳಗೆ ಏನಿತ್ತು. ಮೊದಲ ಸಾಲಿನಿಂದ ಓದತೊಡಗಿದೆ.

"ನಡುವಿನ ಬೋಗುಣಿ. ಜವಳ ಕಾರ್ಯ. ಬ್ಯಾಂಕಿನವರ ಮನಿ."

"ಶೇಂಗಾ ಉಂಡಿ. ಒಂಬತ್ತು. ಒಂದು ಒಡದಿತ್ತು."

"ದೊಡ್ಡ ಕೊಪ್ಪರಿಗಿ. ಮೇಷ್ಟ್ರ ಮಗಳ ಮದುವಿ."

"ಕೊಬ್ಬರಿ ಬಟ್ಟಲ, ಮತ್ತ ಕುಪ್ಪಸದ ಬಟ್ಟಿ. ಬಟ್ಟಿ ಬಣ್ಣ ಬಿಡ್ತು, ಅದು ಬ್ಯಾರೆ ಮಾತು."

"ಸಣ್ಣ ಹಂಡೆ. ಮೂರನೇ ಮಹಡಿ ವಕೀಲರು."

"ಸಕ್ಕರಿ. ಒಂದ ಚಮಚ." ಕಾಕಾ ಮುಖ ಕಿವುಚಿದರು. "ಹಂಡಿ ಬಾಯಿ ಇಷ್ಟಗಲ, ಸಕ್ಕರಿ ಇಷ್ಟು. ಹುಡುಕಿ ತಗದ್ನಿ. ಬರಕೋ, ಒಂದ ಚಮಚ ಅಂತ ಬರಕೋ."

ಬರೆದುಕೊಂಡೆ. ಹೀಗೆ ನಾಲ್ಕು ಬೆಳಗು. ಎಳ್ಳುಂಡಿ, ಹೂರಣದ ಹೋಳಿಗೆ, ಹೊಸ ಜೋಳ, ಒಂದು ಕುಂಬಳಕಾಯಿ, ಸಂಕ್ರಾಂತಿಯ ಕುಸುರೆಳ್ಳು. ಉಗ್ರಾಣದಲ್ಲಿ ನಾನು ಇಷ್ಟು ಸವಿಯಾದ ಕಾಲಮ್ಮನ್ನು ಒಂದು ದಿನವೂ ತುಂಬಿರಲಿಲ್ಲ. ಕೆಲವು ಸಾಲಿಗೆ ಬಂದಾಗ ಕಾಕಾ ಕಣ್ಣು ಮುಚ್ಚಿ, ನಾಲಿಗೆಯಿಂದ ಹಲ್ಲು ಸವರಿ, ತಲೆ ಅಲ್ಲಾಡಿಸುತ್ತಿದ್ದರು. "ಇಲ್ಲ. ಏನೂ ತಿಂದ ನೆನಪಿಲ್ಲ. ಇದು ಬಂದಿಲ್ಲ." ಅದನ್ನು ಖಾಲಿ ಬಿಡುತ್ತಿದ್ದೆ. ಪ್ರತಿ ಸಲವೂ ಕೈ ತುರಿಸುತ್ತಿತ್ತು.

ಕೊನೆಗೆ ಎಣಿಸಿದರೆ ಖಾಲಿ ಹನ್ನೆರಡು. ಗೋಡೆಯ ಮೇಲೆ ಮುಚ್ಚಳ ಹನ್ನೊಂದು. ಒಂದು ಹೆಚ್ಚು. ಅಂಥ ಒಂದಕ್ಕಾಗಿ ನಾನು ಹಿಂದೆ ಇಡೀ ವಿಭಾಗವನ್ನು ಊಟಕ್ಕೆ ಬಿಡದೆ ಕೂರಿಸಿದ್ದುಂಟು. ಹನ್ನೆರಡನ್ನೂ ಮತ್ತೆ ಓದಿದೆ. ಏಳನೆಯದಕ್ಕೆ ಕಾಕಾ ಕೈ ಎತ್ತಿದರು.

"ಅದು ಬಂದೈತಿ. ಖಾಲಿ ಬಂತು. ಅವರ ಮನ್ಯಾಗ ತಾಯಿ ಹೋಗಿದ್ರು, ಹದಿಮೂರನೇ ದಿನದ ಅಡಗಿಗೆ ಒಯ್ದಿದ್ರು. ಅಂಥಾ ಕೆಲಸಕ್ಕ ಹೋದ ಪಾತ್ರಿ ಹಂಗ ಬರಬೇಕು ತಂಗಿ. ಏನೂ ಹಾಕಬಾರದು."

ಆ ಸಾಲಿನಲ್ಲಿ 'ಖಾಲಿ' ಎಂಬ ಎರಡಕ್ಷರವನ್ನು ಬರೆದೆ. ಬರೆದ ಖಾಲಿಯೂ ಬರೆಯದ ಖಾಲಿಯೂ ಬೇರೆ ಎಂದು ಯಂತ್ರಕ್ಕೂ ಗೊತ್ತು. ಈ ಸಲ ಹನ್ನೊಂದು ಸಾಲು ಬಂದವು. ಲೆಕ್ಕ ಕೂಡಿತು. ನಾನು ಕುರ್ಚಿಗೆ ಒರಗಿದೆ.

ಆದರೂ ನೆನಪಿನ ಪಟ್ಟಿಯನ್ನು ಸಭೆಯ ಮುಂದೆ ಇಡುವ ಮೊದಲು ಒಂದನ್ನಾದರೂ ಕಣ್ಣಾರೆ ನೋಡಬೇಕಿತ್ತು. ಹನ್ನೊಂದರಲ್ಲಿ ಏಳು, ಕಟ್ಟಡ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರು ಕಡೆಯ ಮಂದಿ ಒಯ್ದಂಥವು. ಒಂದು ದೊಡ್ಡ ಕೊಪ್ಪರಿಗೆ ನಮ್ಮ ಕುಷಾಯಿಗೂಡದಲ್ಲೇ, ಹೊಸ ಅಪಾರ್ಟ್‌ಮೆಂಟ್ ಏಳುತ್ತಿರುವ ಜಾಗದಲ್ಲಿ ಇರಬೇಕು. ಅದರದೇ ಎಂದು ಕಾಕಾ ತೋರಿಸಿದ ಮುಚ್ಚಳವನ್ನು ಗೋಡೆಯಿಂದ ಇಳಿಸಿಕೊಂಡು ಬಸ್ಸು ಹತ್ತಿದೆ. ಅದು ಎರಡು ಸೀಟಿನಗಲ. ನಾನು ಅದನ್ನು ಎದೆಗೆ ಹಿಡಿದು ನಿಂತಿದ್ದೆ. ಕಂಡಕ್ಟರ್ ಹೆಂಗಸರ ಸೊನ್ನೆ ಟಿಕೆಟ್ಟು ಹರಿದು ಕೊಡುತ್ತ, "ಅಮ್ಮಾ, ಮೀಕು ಫ್ರೀ. ಮೂತಕು ಟಿಕೆಟ್ ತೀಸ್ಕೋವಾಲೆ," ಎಂದ. ನನಗೆ ಬಿಟ್ಟಿ, ಮುಚ್ಚಳಕ್ಕೆ ಟಿಕೆಟ್ಟು. "ಇದೂ ಹೆಂಗಸೇ ಕಣಪ್ಪಾ," ಎಂದೆ ತೆಲುಗಿನಲ್ಲಿ. ಬಸ್ಸು ನಕ್ಕಿತು, ಸೀಟೂ ಸಿಕ್ಕಿತು.

ಕೆಲಸದ ಜಾಗದ ಹಿಂದೆ ತಗಡಿನ ಮನೆಗಳ ಸಾಲು. ಒಂದು ಮನೆಯ ಮುಂದೆ ಕೊಪ್ಪರಿಗೆ ಬೋರಲಾಗಿ ಮಲಗಿತ್ತು. ಬೂದಿಯಲ್ಲಿ ತಿಕ್ಕಿ ಥಳಥಳ ಮಾಡಿದ್ದರು. ತಲೆಗೆ ಟವಲು ಸುತ್ತಿದ ಹೆಂಗಸೊಬ್ಬಳು ಮುಚ್ಚಳವನ್ನು ಕಂಡದ್ದೇ ಎದ್ದು ನಿಂತಳು.

"ಅಯ್ಯ, ಮುಚ್ಚಳಾನ ಹುಡಿಕ್ಕೊಂಡ ಬಂತಲ್ರಿ ಕೊಪ್ಪರಿಗಿನ!"

ನಾವಿಬ್ಬರೂ ಸೇರಿ ಅದನ್ನು ಎತ್ತಿ ನಿಲ್ಲಿಸಿದೆವು. ಮುಚ್ಚಳ ಕೂರಲಿಲ್ಲ. ಅವಳು ಸ್ವಲ್ಪ ತಿರುಗಿಸಿದಳು, ಇನ್ನೂ ಸ್ವಲ್ಪ. ಒಂದು ಕೋನಕ್ಕೆ ಬಂದಾಗ ತಾನಾಗಿಯೇ ಇಳಿದು ಕುಳಿತಿತು. ಕೈಯಿಂದ ಬಡಿದು ಮಾಡಿದ ಪಾತ್ರೆ. ಬೇರಾವ ಕೊಪ್ಪರಿಗೆಗೂ ಆ ಮುಚ್ಚಳ ಹಾಗೆ ಕೂರುತ್ತಿರಲಿಲ್ಲ.

"ನಾಲ್ಕು ದಿನ ಅಂತ ಹೇಳಿ ಎರಡು ತಿಂಗಳಾತಲ್ಲವಾ," ಎಂದೆ.

"ನನ್ನ ಮಗಳ ತೊಟ್ಟಿಲಕ್ಕ ತಂದಿದ್ದೆ ಅಕ್ಕಾರ. ಆಮ್ಯಾಲ ಬಾಜೂ ಮನಿ ಬಸರಿ ಹೆಣ್ಣಿನ ಕುಬಸ ಇತ್ತು, ಅವರು ಒಯ್ದ್ರು. ಆಮ್ಯಾಲ ಮೇಸ್ತ್ರಿ ಮನಿ ದೇವರ ಕಾರ್ಯ, ಹಿಂದಿನ ಮನಿ ಜವಳ. ನಾಕು ಮನಿ ತಿರಗೇತ್ರಿ ಅದು."

"ಅದಾದ ಮ್ಯಾಲಾದ್ರೂ ತರಬೇಕಿಲ್ಲ?"

ಅವಳು ನನ್ನನ್ನು ತಿಳಿಯದವಳಂತೆ ನೋಡಿದಳು. "ಖಾಲಿ ಹೆಂಗ ತರೂದ್ರಿ? ಊರಾಗ ಜ್ವಾಳದ ರಾಶಿ ನಡದೈತಿ. ನಮ್ಮ ಮಾವ ಬರೂ ವಾರ ಜ್ವಾಳ ತರ್ತಾನ. ಒಂದು ಬೊಗಸಿನಾರ ಹೊಸ ಜ್ವಾಳ ಹಾಕಿ ತರೂನಂತ ನಿಂತೀನ್ರಿ."

ನಾನು ಆ ಕೊಪ್ಪರಿಗೆಯ ಅಂಚನ್ನು ಹಿಡಿದುಕೊಂಡೇ ನಿಂತಿದ್ದೆ. ಅವಳು ಕಾಯುತ್ತಿದ್ದದ್ದಕ್ಕೆ ನಾನು ನಾಲ್ಕು ದಿನ ಎಂದು ತಾರೀಖು ಹಾಕಿ ಮುಗಿಸಿಬಿಟ್ಟಿದ್ದೆ. ಕೋಣೆ ಮುಚ್ಚುವ ಮಾತು ನಡೆದಿದೆ ಎಂದು ಹೇಳಿದೆ. ಅವಳ ನಗು ಹೋಯಿತು.

"ಮುಚ್ಚಿದ್ರ ನಾವು ಯಾರಿಗೆ ಕೇಳೂದ್ರಿ? ಪಾತ್ರಿ ಬಾಡಗಿ ಕೊಡೂ ಟೆಂಟ್ ಹೌಸ್‌ನವ್ರು ಇಲ್ಲೀ ಅಡ್ರೆಸ್ ಕೇಳ್ತಾರ್ರಿ. ನಮ್ಮ ಅಡ್ರೆಸ್ ಈ ಬಿಲ್ಡಿಂಗ್ ಮುಗಿಯೂ ಮಟ. ನಿಮ್ಮ ಕಾಕಾ ಊರು ಕೇಳ್ತಾನ, ಯಾರ ಮಗಳು ಅಂತ ಕೇಳ್ತಾನ, ಕೊಡ್ತಾನ."

ಅಂದು ಸಂಜೆ ಪಾತ್ರೆ ಟೇಬಲನ್ನು ಕಿತ್ತು ಹೊಸದಾಗಿ ಕಟ್ಟಿದೆ. ಮೂವತ್ತೆಂಟು ಪಾತ್ರೆಗೆ ಮೂವತ್ತೆಂಟು ಸಾಲು, ಪ್ರತಿಯೊಂದಕ್ಕೂ ತನ್ನದೇ ನಂಬರು. ಮನೆಗಳ ಟೇಬಲಿನಲ್ಲಿ 'ವಿಳಾಸ'ದ ಜೊತೆಗೆ 'ಊರು' ಎಂದು ಇನ್ನೊಂದು ಫೀಲ್ಡು ಹಾಕಿದೆ. ಎರಡರಲ್ಲಿ ಒಂದಿದ್ದರೆ ಸಾಕು.

ಸಭೆ ಭಾನುವಾರ ಹತ್ತೂವರೆಗೆ. ಹತ್ತು ಮೂವತ್ತೆಂಟಕ್ಕೆ ಶುರುವಾಯಿತು. ನಾನು ಎರಡು ಪುಟದ ರಿಪೋರ್ಟನ್ನು ಎಲ್ಲರ ಕೈಗೂ ಕೊಟ್ಟಿದ್ದೆ. ಹಿಂದಿನ ದಿನ ಪ್ರಿಂಟು ತೆಗೆಯುವಾಗ ನನಗೆ ಒಂದು ಸಣ್ಣ ಕಷ್ಟವಿತ್ತು. ಹನ್ನೊಂದು ಸಾಲಿನಲ್ಲಿ ನಾಲ್ಕನೆಯದು ದೊಡ್ಡ ಹಂಡೆ. ಒಯ್ದದ್ದು ಒಂದೂವರೆ ವರ್ಷದ ಹಿಂದೆ, ಕಾರ್ಯದರ್ಶಿಯ ಮನೆಯವರು. ಬಿಡಬಹುದಿತ್ತು. ಬಿಟ್ಟರೆ ಹತ್ತಾಗುತ್ತದೆ, ಗೋಡೆಯ ಮೇಲೆ ಹನ್ನೊಂದಿದೆ. ಬಿಡಲಿಲ್ಲ.

ಕಾರ್ಯದರ್ಶಿ ಕೋಣೆ ಮುಚ್ಚುವ ಮಾತು ಓದಲು ಎದ್ದರು. ಕನ್ನಡಕ ಹಾಕಿ ರಿಪೋರ್ಟಿನ ಮೇಲೆ ಬೆರಳಾಡಿಸಿದರು. ಬೆರಳು ನಾಲ್ಕನೆಯ ಸಾಲಿನಲ್ಲಿ ನಿಂತಿತು. ಮೊದಲ ಬೆಂಚಿನಲ್ಲಿದ್ದ ಅವರ ಹೆಂಡತಿ ತಮ್ಮ ಕೈಯ ಕಾಗದವನ್ನು ಮಡಚಿ ಬಾಯಿಗೆ ಅಡ್ಡ ಹಿಡಿದರು.

"ಇದು... ಸ್ನಾನದ ನೀರಿಗೆ ಇಟ್ಟೀವಲ್ಲ, ಅದನ?" ಎಂದು ಕಾರ್ಯದರ್ಶಿ ಮೈಕು ಮರೆತು ಕೇಳಿದರು.

ಸಭೆ ಎದ್ದು ಬಿದ್ದು ನಕ್ಕಿತು. ಹಿಂದಿನಿಂದ ಯಾರೋ, "ಕಾಕಾ, ನಿಮಗ ಗೊತ್ತಿದ್ದಿಲ್ಲೇನ್ರಿ?" ಎಂದು ಕೂಗಿದರು.

"ಗೊತ್ತಿತ್ತು," ಎಂದರು ಕಾಕಾ ಕುಳಿತಲ್ಲಿಂದಲೇ. "ಕೇಳಬಾರದು. ಕೇಳಿ ತಗೊಂಡ್ರ ಕೊಟ್ಟಂಗ ಆಗಂಗಿಲ್ಲ."

ಕಾರ್ಯದರ್ಶಿ ಒಳ್ಳೆಯ ಮನುಷ್ಯ ಎಂದೆನಲ್ಲ. ಅವರೂ ನಕ್ಕರು. ಆದರೆ ಮಾತು ಅಲ್ಲಿಗೇ ಬಿಡಲಿಲ್ಲ. ಏಳು ಮನೆಯವರು ಸಂಘದ ಸದಸ್ಯರೇ ಅಲ್ಲವಲ್ಲ ಎಂದರು. ಅರ್ಧ ಗಂಟೆ ವಾದ ನಡೆಯಿತು. ನನ್ನನ್ನು ಕೇಳಿದಾಗ ನಾನು ಲೆಕ್ಕ ಮಾತ್ರ ಹೇಳಿದೆ: ಒಂದು ಕೊಪ್ಪರಿಗೆ, ಎರಡು ತಿಂಗಳು, ನಾಲ್ಕು ಮನೆಯ ಕಾರ್ಯ. ಕೊನೆಗೆ ಆದ ತೀರ್ಮಾನ ಇಷ್ಟು: ಕೋಣೆ ಮುಂದಿನ ವಾರ್ಷಿಕ ಸಭೆಯವರೆಗೆ ಇರುತ್ತದೆ, ಪ್ರತಿ ತಿಂಗಳು ಒಂದನೇ ತಾರೀಖು ಪಟ್ಟಿ ಗೋಡೆಗೆ ಅಂಟಿಸಬೇಕು. ನಾನು ಒಪ್ಪಿದೆ. ತಿಂಗಳ ಪಟ್ಟಿ ನನಗೆ ಶಿಕ್ಷೆಯಲ್ಲ.

ಮರುದಿನ ಹತ್ತು ಗಂಟೆಗೆ ಆಟೋದಲ್ಲಿ ದೊಡ್ಡ ಹಂಡೆ ಬಂತು, ತಳದಲ್ಲಿ ಒಂದು ಡಬ್ಬಿ ಬೇಸನ್ ಉಂಡಿ. ಆ ವಾರದಲ್ಲಿ ಒಂದೊಂದಾಗಿ ಎಲ್ಲವೂ ಬಂದವು. ಕೊಪ್ಪರಿಗೆ ಕೊನೆಗೆ ಬಂತು, ಬೊಗಸೆಯಲ್ಲ, ಅರ್ಧ ಚೀಲ ಹೊಸ ಜೋಳ ಹೊತ್ತು. ಪ್ರತಿ ಸಾಲಿನಲ್ಲೂ ನಿಜವಾದ ತಾರೀಖು ಹಾಕಿದೆ. ಕ್ವೆರಿ ಓಡಿಸಿದರೆ ಸೊನ್ನೆ. ಈ ಸಲ ಸತ್ಯವಾದ ಸೊನ್ನೆ. ಗೋಡೆಯ ಮೇಲೆ ಬರೀ ಮೊಳೆಗಳು. ಮೂವತ್ತೆಂಟು ಪಾತ್ರೆ, ಮೂವತ್ತೆಂಟು ಮುಚ್ಚಳ, ಸಾಲಾಗಿ. ಉಗ್ರಾಣದಲ್ಲಾಗಿದ್ದರೆ ನಾನು ಅಂದು ಎಲ್ಲರಿಗೂ ಚಹಾ ತರಿಸುತ್ತಿದ್ದೆ. ಕಾಕಾ ಮಾತ್ರ ಸ್ಟೂಲಿನ ಮೇಲೆ ಕುಳಿತು ಮೊಳೆಗಳನ್ನು ನೋಡುತ್ತಿದ್ದರು.

"ಎಲ್ಲಾ ಮನ್ಯಾಗ ಕುಂತ್ರ ಹೆಂಗ ತಂಗಿ," ಎಂದರು.

ಎರಡನೆಯ ದಿನ ಹತ್ತೂಕಾಲಿಗೆ ಇಬ್ಬರು ಹೆಂಗಸರು ಬಾಗಿಲಲ್ಲಿ ನಿಂತರು. ರಾಯಚೂರು ಕಡೆಯವರು, ಕುಬಸ ಇದೆ, ದೊಡ್ಡ ಕೊಪ್ಪರಿಗೆ ಬೇಕು. ಕಾಕಾ ಊರು ಕೇಳಿದರು, ಯಾರ ಮಗಳು ಎಂದು ಕೇಳಿದರು. ನಾನು ಮನೆಯ ನಂಬರು ಹಾಕಿದೆ, ಪಾತ್ರೆಯ ನಂಬರು ಹಾಕಿದೆ, ಒಯ್ದ ದಿನ ಹಾಕಿದೆ. ಕರ್ಸರ್ 'ತಂದ ದಿನ'ದ ಮೇಲೆ ಬಂದು ಮಿಣುಕತೊಡಗಿತು. ಕೈಗಳನ್ನು ಕೀಬೋರ್ಡಿನಿಂದ ಎತ್ತಿ ಮಡಿಲಲ್ಲಿ ಇಟ್ಟುಕೊಂಡೆ.

ಹೆಂಗಸರು ಕೊಪ್ಪರಿಗೆಯನ್ನು ಎರಡೂ ಕಡೆ ಹಿಡಿದು ಗಲ್ಲಿಗೆ ಇಳಿದರು. ಕಾಕಾ ಮುಚ್ಚಳವನ್ನು ಮೊಳೆಗೆ ಹಾಕಿ ಜೇಬು ತಡವಿಕೊಂಡರು.

"ಸುಣ್ಣ ಐತೇನ ತಂಗಿ?"

ನನ್ನ ಮೇಜಿನ ಡ್ರಾಯರಿನಲ್ಲಿ ಸೀಮೆಸುಣ್ಣದ ಹೊಸ ಡಬ್ಬಿಯಿತ್ತು. ತೆಗೆದು ಕೊಟ್ಟೆ.